ಕಣ್ಣಿನ ಹಿಂದೆ ಗಡ್ಡೆ: ಚೂರು ತೆಗೆದು ನೋಡಬೇಕೆ, ಇಡಿಯಾಗಿ ತೆಗೆಯಬೇಕೆ?

ಪ್ರಶ್ನೆ: ನನ್ನ ಅಕ್ಕನಿಗೆ 44 ವರ್ಷ. ಎರಡು ವರ್ಷದಿಂದ ಎಡಗಣ್ಣು ನಿಧಾನವಾಗಿ ಮುಂದಕ್ಕೆ ಬರುತ್ತಿದೆ, ನೋವಿಲ್ಲ. ಥೈರಾಯ್ಡ್ ಪರೀಕ್ಷೆ ಸರಿಯಾಗಿದೆ. ಎಂಆರ್‌ಐನಲ್ಲಿ ಕಣ್ಣುಗುಡ್ಡೆಯ ಹಿಂದೆ 18 ಮಿ.ಮೀ. ಗಡ್ಡೆ ಕಂಡಿದೆ. ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಬೇಡ ಎನ್ನುತ್ತಾರೆ ಡಾಕ್ಟರು. ಕ್ಯಾನ್ಸರ್ ಅಲ್ಲವೆಂದು ನಂಬುವುದು ಹೇಗೆ? ಕಣ್ಣು ತೆಗೆಯುತ್ತಾರೆಯೇ?

ಉತ್ತರ: ಥೈರಾಯ್ಡ್ ನೋಡಿಸಿದ್ದು ಸರಿ. ದೊಡ್ಡವರಲ್ಲಿ ಕಣ್ಣು ಮುಂದೆ ಬರಲು, ಅದು ಒಂದೇ ಕಣ್ಣಾದರೂ, ಅತಿ ಸಾಮಾನ್ಯ ಕಾರಣ ಅದೇ. ನೀವು ಬರೆದ ವಿವರಕ್ಕೆ ಹೆಚ್ಚು ಹೊಂದುವುದು ಕ್ಯಾವರ್ನಸ್ ಹೆಮಾಂಜಿಯೋಮ ಎಂಬ ರಕ್ತನಾಳದ ಗಂಟು. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಕ್ಯಾನ್ಸರ್ ಆಗಿ ಬದಲಾಗುವಂಥದ್ದಲ್ಲ. ಎಂಆರ್‌ಐನಲ್ಲಿ ಕಾಂಟ್ರಾಸ್ಟ್ ಮದ್ದು (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವುದು) ಮೊದಲು ಒಂದು ಚುಕ್ಕೆಯಲ್ಲಿ ಕಂಡು, ನಿಮಿಷಗಳು ಕಳೆದಂತೆ ಗಡ್ಡೆಯಿಡೀ ಹರಡಿದ್ದರೆ ಗುರುತು ಬಹುತೇಕ ಖಚಿತ. ಇಷ್ಟು ಆಳದ ಗಡ್ಡೆಯಿಂದ ಚೂರು ತೆಗೆಯಲು ಪಡುವ ಪಾಡಿಗೂ ಇಡಿಯಾಗಿ ತೆಗೆಯುವ ಪಾಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ಅದಕ್ಕೇ ಬಯಾಪ್ಸಿ ಬೇಡ ಎಂದಿರುವುದು.

ತೆಗೆಯಲೇಬೇಕೆಂದೂ ಇಲ್ಲ. ದೃಷ್ಟಿ, ಬಣ್ಣ ಗುರುತಿಸುವಿಕೆ, ವಿಷುಯಲ್ ಫೀಲ್ಡ್ (ನೇರ ನೋಡುವಾಗ ಸುತ್ತ ಎಷ್ಟು ಕಾಣುತ್ತದೆ ಎಂಬ) ಪರೀಕ್ಷೆ ಮೂರೂ ಸರಿಯಿದ್ದು ದೃಷ್ಟಿನರ ಊದದಿದ್ದರೆ 6ರಿಂದ 12 ತಿಂಗಳಿಗೊಮ್ಮೆ ನೋಡಿಸುತ್ತಾ ಹೋಗಬಹುದು. ಇವುಗಳಲ್ಲಿ ಒಂದು ಕೆಟ್ಟರೂ ಕಾಯಬೇಡಿ. ಗಡ್ಡೆ ದೃಷ್ಟಿನರದ ಹೊರಮಗ್ಗುಲಲ್ಲಿದ್ದರೆ ಕಿವಿಯ ಕಡೆಯ ಮೂಳೆ ಸರಿಸಿ, ಒಳಮಗ್ಗುಲಲ್ಲಿದ್ದರೆ ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆ ಬಿಡಿಸಿ ಅಥವಾ ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿ ತಲುಪುತ್ತಾರೆ. ಕಣ್ಣುಗುಡ್ಡೆ ಇದ್ದಲ್ಲೇ ಇರುತ್ತದೆ. ಕಷ್ಟವಾಗುವುದು ಗಡ್ಡೆ ಕಣ್ಣುಗುಳಿಯ (ಕಣ್ಣು ಕೂತಿರುವ ಮೂಳೆಯ ಗೂಡಿನ) ಹಿಂತುದಿಯಲ್ಲಿ, ದೃಷ್ಟಿನರಕ್ಕೆ ಅಂಟಿಕೊಂಡಿದ್ದಾಗ. ಅಲ್ಲಿ ದೃಷ್ಟಿ ಹೋಗುವ ಅಪಾಯ ನಿಜ. ಆಪರೇಷನ್ ಆದ ರಾತ್ರಿ ನೋವು ಏರುತ್ತಾ ದೃಷ್ಟಿ ಮಂದವಾದರೆ ಒಳಗೆ ರಕ್ತ ಕಟ್ಟಿಕೊಂಡಿದೆ ಎಂದರ್ಥ. ಬೆಳಗಾಗಲಿ ಎನ್ನದೆ ತಕ್ಷಣ ನರ್ಸ್‌ಗೆ ತಿಳಿಸಿ.

ಎಲ್ಲ ಗಡ್ಡೆಗೂ ಇದೇ ಲೆಕ್ಕ ಅಲ್ಲ. ಹುಬ್ಬಿನ ಹೊರತುದಿಯಲ್ಲಿ, ಕಣ್ಣೀರಿನ ಗ್ರಂಥಿಯಲ್ಲಿ ವರ್ಷಗಟ್ಟಲೆ ನೋವಿಲ್ಲದೆ ಬೆಳೆದದ್ದು ಪ್ಲಿಯೋಮಾರ್ಫಿಕ್ ಅಡಿನೋಮ ಎಂಬ, ಕ್ಯಾನ್ಸರ್ ಅಲ್ಲದ ಗಡ್ಡೆ ಇರಬಹುದು. ಅದಕ್ಕೆ ಬಯಾಪ್ಸಿಗೆಂದು ಕತ್ತರಿ ಹಾಕಲೇಬಾರದು: ಹೊದಿಕೆ ಒಡೆದು ಕಣಗಳು ಚೆಲ್ಲಿದರೆ ವರ್ಷಗಳ ನಂತರ ಮತ್ತೆ ಬರುತ್ತದೆ, ಕೆಲವೊಮ್ಮೆ ಕ್ಯಾನ್ಸರ್ ಆಗಿ. ಅದೇ ಜಾಗದಲ್ಲಿ ಕೆಲವೇ ತಿಂಗಳಲ್ಲಿ ನೋವಿನೊಡನೆ ಬೆಳೆದು ಮೂಳೆ ಸವೆಸಿದ್ದರೆ ಮಾತ್ರ ಬಯಾಪ್ಸಿ ಬೇಕೇ ಬೇಕು. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಗ್ರಂಥಿಯ ಕ್ಯಾನ್ಸರ್ ಹಾಗೆ ಕಾಣಿಸಿಕೊಳ್ಳುತ್ತದೆ. ವಯಸ್ಸಾದವರ ಲಿಂಫೋಮಕ್ಕೂ (ಬಿಳಿರಕ್ತಕಣಗಳ ಕ್ಯಾನ್ಸರ್) ಚೂರು ತೆಗೆದು ನೋಡಿ, ಮೈಯೆಲ್ಲ ಸ್ಕ್ಯಾನ್ ಮಾಡಿ, ಗುಳಿಗೆ ಸೀಮಿತವಾಗಿದ್ದರೆ ರೇಡಿಯೇಷನ್ ಕೊಡುತ್ತಾರೆ. ಇಲ್ಲಿ ಪದೇ ಪದೇ ಆಗುವ ಎಡವಟ್ಟೆಂದರೆ ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್ ಕೊಡುವುದು. ಊತ ಇಳಿದು ಎಲ್ಲರಿಗೂ ಸಮಾಧಾನವಾಗುತ್ತದೆ, ಚೂರಿನಲ್ಲಿ ರೋಗ ಮಾತ್ರ ಸಿಗುವುದಿಲ್ಲ.

ಪ್ರಶ್ನೆ: ಆರು ವರ್ಷದ ಮಗನ ಬಲಗಣ್ಣು ಹತ್ತೇ ದಿನದಲ್ಲಿ ಉಬ್ಬಿದೆ, ರೆಪ್ಪೆ ಕೆಂಪಾಗಿದೆ. ಸೋಂಕು ಎಂದು ಐದು ದಿನ ಆಂಟಿಬಯಾಟಿಕ್ ಕೊಟ್ಟರು, ಇಳಿದಿಲ್ಲ. ಜ್ವರ ಇಲ್ಲ.

ಉತ್ತರ: ಇನ್ನೊಂದು ಕೋರ್ಸ್ ಮದ್ದು ಬೇಡ, ನಾಳೆಯೇ ಸ್ಕ್ಯಾನ್ ಮಾಡಿಸಿ. ಜ್ವರವಿಲ್ಲದೆ, ಮದ್ದಿಗೆ ಬಗ್ಗದೆ ಕಣ್ಣು ದಿನದಿನಕ್ಕೆ ಉಬ್ಬುತ್ತಿರುವ ಮಗುವಿನಲ್ಲಿ ರಾಬ್ಡೋಮಯೋಸಾರ್ಕೋಮ ಎಂಬ ಬೇಗ ಬೆಳೆಯುವ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಹೆಸರು ಕೇಳಿ ಧೃತಿಗೆಡಬೇಡಿ. ಹಿಂದೆ ಇದಕ್ಕೆ ಗುಳಿಯನ್ನೇ ಬರಿದು ಮಾಡುತ್ತಿದ್ದರು. ಈಗ ಬಯಾಪ್ಸಿಯಲ್ಲಿ ಖಚಿತವಾದ ಮೇಲೆ ವಿನ್‌ಕ್ರಿಸ್ಟಿನ್, ಆ್ಯಕ್ಟಿನೋಮೈಸಿನ್ ಮುಂತಾದ ಕಿಮೋ ಮದ್ದು ಮತ್ತು ರೇಡಿಯೇಷನ್ ಕೊಟ್ಟು ಕಣ್ಣು ಉಳಿಸಿಕೊಂಡೇ ಚಿಕಿತ್ಸೆ ಮಾಡುತ್ತಾರೆ. ಗುಳಿಯಿಂದಾಚೆ ಹರಡಿರದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ರೇಡಿಯೇಷನ್ನಿಂದ ಮುಂದೆ ಕಣ್ಣಿನ ಪೊರೆ ಬರಬಹುದು, ಆ ಬದಿಯ ಮೂಳೆ ಕಡಿಮೆ ಬೆಳೆದು ಮುಖ ಸ್ವಲ್ಪ ಓರೆ ಕಾಣಬಹುದು. ಹಾಗಾಗಿ ವರ್ಷಗಟ್ಟಲೆ ತಪಾಸಣೆ ಇರುತ್ತದೆ.

ಸ್ಕ್ಯಾನ್ ದಿನವೇ ರಕ್ತದ ಸ್ಮಿಯರ್ (ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ) ಪರೀಕ್ಷೆಯನ್ನೂ ಕೇಳಿ. ರಕ್ತದ ಕ್ಯಾನ್ಸರ್ ಕೂಡ ಮಕ್ಕಳ ಕಣ್ಣುಗುಳಿಯಲ್ಲಿ ಗಡ್ಡೆಯಾಗಿ ಹೀಗೇ ಕಾಣಬಹುದು. ಸ್ಮಿಯರ್‌ನಲ್ಲೇ ಸುಳಿವು ಸಿಕ್ಕರೆ ಕಣ್ಣಿಗೆ ಕತ್ತರಿ ಹಾಕುವುದು ತಪ್ಪಲೂಬಹುದು.