ಹಿರಣ್ಣಯ್ಯನವರ ನಾಟಕದಲ್ಲಿ ನಗು ಹಿಂದಿನ ಸಾಲಿನಿಂದ ಬರುತ್ತಿತ್ತು

ನಿಮ್ಮ ಪ್ರಶ್ನೆ ಇದು: ಮಾಸ್ಟರ್ ಹಿರಣ್ಣಯ್ಯನವರ ಹಳೇ ವಿಡಿಯೊ ನೋಡಿದೆ, ನಾಟಕದ ಮಧ್ಯೆ ಒಬ್ಬರೇ ನಿಂತು ಮಾತಾಡಿ ಮಾತಾಡಿ ನಗಿಸುತ್ತಾರೆ, ಇವರು ಸ್ಟ್ಯಾಂಡ್ ಅಪ್ ಕಾಮಿಡಿಯನ್ ಅಲ್ವಾ? ಇವರು ಹೋದ ಮೇಲೆ ಕನ್ನಡದ ಕಾಮಿಡಿ ಯಾಕೆ ಹೀಗಾಯಿತು?

ನಾನು ತುಮಕೂರಿನವನು. ನಮ್ಮದು ಮೈಕ್ ಸೆಟ್ ಕೆಲಸ, ಅಪ್ಪನ ಕಾಲದಿಂದ. ನಾಟಕ, ಹಾಸ್ಯೋತ್ಸವ, ರಾಜ್ಯೋತ್ಸವ, ಗಣೇಶನ ಆರ್ಕೆಸ್ಟ್ರಾ, ಎಲ್ಲಕ್ಕೂ ವೈರ್ ಎಳೆದಿದ್ದೇವೆ. ಮೈಕ್ ಸೆಟ್‌ನವನು ಸ್ಟೇಜಿನ ಪಕ್ಕ ಕೂರುತ್ತಾನೆ. ಅಲ್ಲಿಂದ ಮಾತಾಡುವವರ ಬೆನ್ನು ಅರ್ಧ ಕಾಣುತ್ತದೆ, ಜನರ ಮುಖ ಪೂರ್ತಿ ಕಾಣುತ್ತದೆ. ನನಗೆ ಗೊತ್ತಿರುವುದು ಅಲ್ಲಿಂದ ಕಂಡಷ್ಟು, ಕೇಳಿದಷ್ಟು.

ಅವರು ತೀರಿಕೊಂಡಿದ್ದು 2019ರ ಮೇ 2ರಂದು, ಬೆಂಗಳೂರಿನಲ್ಲಿ. 85 ವರ್ಷ ಆಗಿತ್ತು. ಆವತ್ತು ನಾನು ಒಂದು ಮದುವೆ ಛತ್ರದಲ್ಲಿ ಸ್ಪೀಕರ್ ಕಟ್ಟುತ್ತಿದ್ದೆ. ಸುದ್ದಿ ಮೊಬೈಲ್‌ನಲ್ಲಿ ಬಂತು. ಹುಡುಗರಿಗೆ ಹೇಳಿದ್ದು ಅಡುಗೆ ಭಟ್ಟರ ಕಿವಿಗೆ ಬಿತ್ತು. ಸೌಟು ಕೈಯಲ್ಲೇ ಇತ್ತು, ಹಾಗೇ ಹೊರಗೆ ಬಂದರು. "ನಿಜವೇನಪ್ಪಾ?" ಅಂದರು. ನಾನು ತಲೆಯಾಡಿಸಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಅವರ 'ಲಂಚಾವತಾರ' ನಾಟಕ ಎಲ್ಲೆಲ್ಲಿ ನೋಡಿದ್ದೆ ಅಂತ ಊರಿನ ಹೆಸರು ಹೇಳಿಕೊಂಡು ಬೆರಳು ಮಡಿಚತೊಡಗಿದರು. ತಿಪಟೂರು, ಗುಬ್ಬಿ, ಶಿರಾ, ತುಮಕೂರು ಎರಡು ಸಲ. ಐದಕ್ಕೆ ನಿಂತರು. ಆಮೇಲೆ ಏನೂ ಮಾತಾಡದೆ ಎದ್ದು ಒಲೆಯ ಹತ್ತಿರ ಹೋದರು.

ಆ ವರ್ಷ ನಮ್ಮೂರಿಗೆ ಮೊದಲೇ ಭಾರ ಜಾಸ್ತಿ. ಜನವರಿ 21ಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹೋಗಿದ್ದರು. ಏಪ್ರಿಲ್ 18ಕ್ಕೆ ಲೋಕಸಭೆ ಚುನಾವಣೆ ಆಗಿತ್ತು. ಮಾಜಿ ಪ್ರಧಾನಿ ದೇವೇಗೌಡರೇ ತುಮಕೂರಿನಿಂದ ನಿಂತಿದ್ದರು. ಎಣಿಕೆ ಇದ್ದದ್ದು ಮೇ 23ಕ್ಕೆ. ಓಟು ಪೆಟ್ಟಿಗೆಯಲ್ಲಿದ್ದ ಆ ಒಂದು ತಿಂಗಳು ಊರಲ್ಲಿ ಬೇರೆ ಮಾತೇ ಇರಲಿಲ್ಲ. ಹಿರಣ್ಣಯ್ಯನವರು ಹೋದದ್ದು ಸರಿಯಾಗಿ ಆ ನಡುವೆ. ಫಲಿತಾಂಶ ಬಂದ ದಿನ ನನಗೆ ಮೊದಲು ಅನ್ನಿಸಿದ್ದು, ಇದನ್ನು ನಾಳೆ ಸ್ಟೇಜ್ ಮೇಲೆ ಹೇಳಲು ಅವರಿಲ್ಲವಲ್ಲ ಅಂತ.

ಅವರನ್ನು ನಾನು ಮೊದಲು ನೋಡಿದಾಗ ಹೈಸ್ಕೂಲು ಹುಡುಗ. ಒಂದು ಶಾಲೆಯ ಕಟ್ಟಡಕ್ಕೆ ಸಹಾಯಾರ್ಥ ಪ್ರದರ್ಶನ. ಹೊರಗಡೆ ಹಾರ್ನ್ ಕಟ್ಟುವ ಕೆಲಸ ಅಪ್ಪನದು. ಸ್ಟೇಜಿನ ಮೇಲೆ ಉದ್ದಕ್ಕೆ ಹ್ಯಾಂಗಿಂಗ್ ಮೈಕ್ ಇಳಿಬಿಟ್ಟಿದ್ದರು. ಮುಂದೆ ಸೋಫಾ, ಅದರಲ್ಲಿ ಆಫೀಸರುಗಳು, ಊರಿನ ದೊಡ್ಡವರು. ಅವರ ಹಿಂದೆ ಕುರ್ಚಿ. ಕುರ್ಚಿ ಮುಗಿದ ಮೇಲೆ ನೆಲ. ನೆಲದಲ್ಲಿ ಮಂಡಿಪೇಟೆಯ ಹಮಾಲರು, ಸಂತೆಗೆ ಬಂದು ಬಸ್ಸು ಬಿಟ್ಟು ಉಳಿದುಕೊಂಡವರು, ಹಳ್ಳಿಗಳಿಂದ ಲಾರಿ ಹತ್ತಿ ಬಂದವರು.

'ಲಂಚಾವತಾರ'ದ ವಿಷಯ ಹೆಸರಲ್ಲೇ ಇದೆ. ಅದು ಹತ್ತು ಸಾವಿರಕ್ಕಿಂತ ಹೆಚ್ಚು ಪ್ರಯೋಗ ಕಂಡಿತು ಅಂತ ಪತ್ರಿಕೆಗಳು ಬರೆದವು. ಆದರೆ ಎರಡು ದಿನ ನೋಡಿದರೆ ಎರಡು ನಾಟಕ. ಕಥೆ ನಿಲ್ಲಿಸಿ ಮುಂದೆ ಬಂದು ಆವತ್ತಿನ ಪೇಪರಿನ ವಿಷಯ ಎತ್ತಿಕೊಳ್ಳುತ್ತಿದ್ದರು. ಮಂತ್ರಿಯ ಹೆಸರು ಹಿಡಿದೇ ಮಾತಾಡುತ್ತಿದ್ದರು. ನೀವು ವಿಡಿಯೊದಲ್ಲಿ ನೋಡಿದ್ದು ಇದೇ ಜಾಗ.

ಆ ರಾತ್ರಿ ಲಂಚದ ಮಾತು ಶುರುವಾದಾಗ ನಗು ಎಲ್ಲಿಂದ ಬಂತು ಗೊತ್ತಾ? ನೆಲದಿಂದ. ಕಟ್ಟಕಡೆಯಿಂದ. ಪಹಣಿಗೋಸ್ಕರ ಆರು ತಿಂಗಳು ಅಲೆದವನಿಗೆ ಆ ಮಾತು ಮುಗಿಯುವ ಮೊದಲೇ ಅರ್ಥವಾಗುತ್ತಿತ್ತು. ಅಲ್ಲಿಂದ ನಗು ಕುರ್ಚಿಗೆ ಬಂತು. ಸೋಫಾಕ್ಕೆ ಕೊನೆಗೆ ಬಂತು. ಒಬ್ಬ ಆಫೀಸರು ಕರ್ಚೀಫಿನಿಂದ ಹಣೆ ಒರೆಸಿಕೊಂಡರು, ಪಕ್ಕದವರನ್ನು ನೋಡಿದರು, ಅವರು ನಗುವುದು ಕಂಡ ಮೇಲೆ ತಾವೂ ನಕ್ಕರು. ಅವರ ಮನೆಯವರು ಮಾತ್ರ ಆಗಲೇ ಸೆರಗು ಬಾಯಿಗೊತ್ತಿಕೊಂಡು ಭುಜ ಕುಣಿಸುತ್ತಾ ನಗುತ್ತಿದ್ದರು. ಆ ಭುಜ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ವಿಷಯ ನೋಡಿದೆ. ಜನ ನಗುವಾಗ ಅವರು ಸುಮ್ಮನೆ ನಿಲ್ಲುತ್ತಿದ್ದರು. ಮುಂದಿನ ಮಾತಿಗೆ ಅವಸರ ಇಲ್ಲ. ನಗು ನೆಲದಿಂದ ಸೋಫಾಕ್ಕೆ ಬಂದು ತಲುಪುವ ತನಕ ಕಾಯುತ್ತಿದ್ದರು. ಆ ಮೌನ ಉದ್ದವಾಯಿತು ಅನ್ನಿಸಿ, ಮೈಕ್ ಏನಾದರೂ ಕೈಕೊಟ್ಟಿತಾ ಅಂತ ನಾನು ಆಂಪ್ಲಿಫೈಯರ್ ಗುಂಡಿಗೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ಎತ್ತಿ ಪಕ್ಕಕ್ಕಿಟ್ಟರು. "ಮಾತು ಅವರದು. ನಮ್ಮದು ಬರೀ ವೈರು. ಮಧ್ಯದಲ್ಲಿ ಗುಂಡಿ ಮುಟ್ಟಬೇಡ" ಅಂದರು.

ಸ್ಟ್ಯಾಂಡ್ ಅಪ್ ಅಲ್ವಾ ಅಂತ ಕೇಳಿದಿರಿ. ಒಬ್ಬ ಮನುಷ್ಯ, ಒಂದು ಮೈಕು, ಎದುರಿಗೆ ಜನ ಅನ್ನುವುದೇ ಲೆಕ್ಕವಾದರೆ ಹೌದು. ಅವರು ಮೈಸೂರಿನಲ್ಲಿ ಹುಟ್ಟಿದವರು, ನಾಟಕದವರ ಮಗ, ಅಪ್ಪ ಕೆ. ಹಿರಣ್ಣಯ್ಯ ಕಟ್ಟಿದ ಮಂಡಳಿಯನ್ನು ನಡೆಸಿಕೊಂಡು ಬಂದವರು. ಆದರೆ ಈ ಕಲೆಯ ಬೇರು ಇನ್ನೂ ಹಳೆಯದು. ನಮ್ಮ ಕಡೆ ಮೂಡಲಪಾಯ ಬಯಲಾಟದಲ್ಲಿ ಸಾರಥಿ ಅಂತ ಒಬ್ಬ ಇರುತ್ತಾನೆ. ರಾಜನ ವೇಷ ಬಂದು ನಿಂತರೆ, ನೀನು ಯಾರು, ಯಾವ ಊರು, ಇಲ್ಲಿಗೇಕೆ ಬಂದೆ ಅಂತ ರಾಜನನ್ನೇ ವಿಚಾರಿಸುವವನು ಅವನು. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಕಂಪನಿಯನ್ನು ದೊಡ್ಡದು ಮಾಡಿದ ವೀರಣ್ಣನವರೂ ಹಾಸ್ಯ ಪಾತ್ರಗಳಿಂದಲೇ ಹೆಸರಾದವರು. ಸಿನಿಮಾದ ನರಸಿಂಹರಾಜು ತಿಪಟೂರಿನವರು, ಗುಬ್ಬಿ ಕಂಪನಿಯಲ್ಲೂ ಇದ್ದವರು. ನಗಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ ಅಂತ ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಹಳೆಯದೆಲ್ಲ ಚೊಕ್ಕ ಚಿನ್ನ ಅಂತ ನಾನು ಹೇಳಲ್ಲ. ಜಾತ್ರೆಯ ಕ್ಯಾಂಪ್ ನಾಟಕಗಳಲ್ಲಿ ಡಬಲ್ ಮೀನಿಂಗ್ ಮಾತು ಎಷ್ಟಿತ್ತು ಅಂದರೆ, ಅಮ್ಮ ನಮ್ಮನ್ನು ಕೆಲವು ನಾಟಕಗಳಿಗೆ ಕಳಿಸುತ್ತಲೇ ಇರಲಿಲ್ಲ. ಕುಂಟನನ್ನು, ತೊದಲುವವನನ್ನು ಇಟ್ಟುಕೊಂಡು ನಗಿಸುವುದೂ ಆಗಿನಿಂದಲೇ ಇತ್ತು.

ಈಗಿನದಕ್ಕೆ ಬರುತ್ತೇನೆ. ಟಿವಿ ಕಾಮಿಡಿ ಶೋ ಹಾಕಿದರೆ ಗಂಡಸು ಸೀರೆ ಉಟ್ಟು ಬರುತ್ತಾನೆ. ದಪ್ಪಗಿರುವವರು, ಕಪ್ಪಗಿರುವವರು, ಕುಡುಕ ಗಂಡ, ಬಜಾರಿ ಹೆಂಡತಿ. ನನಗೆ ಬೇಸರವಾಗುವುದು ಜೋಕು ಹಳೆಯದು ಅಂತಲ್ಲ. ಅಲ್ಲಿ ಯಾರೂ ಹಣೆ ಒರೆಸಿಕೊಳ್ಳಬೇಕಾಗಿಲ್ಲ. ಪೆಟ್ಟು ತಿನ್ನುವವನು ಯಾವಾಗಲೂ ನಮಗಿಂತ ಕೆಳಗಿನವನು. ಎಷ್ಟೋ ಸಲ ನಗುವನ್ನೂ ಆಮೇಲೆ ಸೇರಿಸಿರುತ್ತಾರೆ. ಸೌಂಡ್ ಕೆಲಸ ಮಾಡುವವನ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ. ನಿಜವಾದ ನಗು ಒಟ್ಟಿಗೆ ಬರುವುದಿಲ್ಲ. ಒಂದು ಮೂಲೆಯಲ್ಲಿ ಹತ್ತಿಕೊಂಡು ಹರಡುತ್ತದೆ, ಎಲ್ಲೋ ಒಬ್ಬರು ಎಲ್ಲ ಮುಗಿದ ಮೇಲೆ ನಗುತ್ತಾರೆ. ಸೇರಿಸಿದ ನಗು ಏಕ್ದಂ ಬಂದು ಏಕ್ದಂ ನಿಲ್ಲುತ್ತದೆ. ರೀಲ್ಸ್‌ನಲ್ಲಂತೂ ಎದುರಿಗೆ ಜನರೇ ಇಲ್ಲ.

ಹಾಗಂತ ಈಗಿನ ಹುಡುಗರಿಗೆ ತಾಕತ್ತಿಲ್ಲ ಅನ್ನುವವರ ಮಾತು ನಾನು ಒಪ್ಪಲ್ಲ. ಬೆಂಗಳೂರಿನಲ್ಲಿ ಲೋಲ್‌ಬಾಗ್ ತಂಡದವರು ಕನ್ನಡದಲ್ಲೇ ಸ್ಟ್ಯಾಂಡ್ ಅಪ್ ಮಾಡಿ ಹಾಲ್ ತುಂಬಿಸುತ್ತಾರೆ. ಮನೆ ಮಾತಿನ ಕನ್ನಡ, ಕೇಳಲು ಖುಷಿ. ಪ್ರಾಣೇಶ್, ಕೃಷ್ಣೇಗೌಡರ ಹಾಸ್ಯ ಕಾರ್ಯಕ್ರಮಕ್ಕೆ ಈಗಲೂ ಮೂರು ತಲೆಮಾರು ಒಟ್ಟಿಗೆ ಬಂದು ಕೂರುತ್ತದೆ. ತಾಕತ್ತು ಇದೆ. ಆದರೆ ಯಾರಿಗಾದರೂ ಹಿಡಿಸದ ಮಾತು ಆಡಿದರೆ ಆಗುವುದೇ ಬೇರೆ. 2021ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾಮಿಡಿಯನ್ ಮುನವ್ವರ್ ಫಾರೂಕಿ ಶೋ ರದ್ದಾಯಿತು. ಮುಂದಿನ ವರ್ಷದ ನವೆಂಬರ್‌ನಲ್ಲಿ ವೀರ್ ದಾಸ್ ಶೋ. 2025ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ಕುನಾಲ್ ಕಾಮ್ರಾ ಶೋ ರೆಕಾರ್ಡ್ ಆದ ಜಾಗವನ್ನೇ ಒಡೆದು ಹಾಕಿದರು. ಅವರ ಜೋಕು ನಮಗೆ ಹಿಡಿಸಬೇಕಾಗಿಲ್ಲ. ಹಾಲ್ ಒಡೆದ ಸುದ್ದಿ ಓದಿದ ಹಾಲ್‌ನವನು ಮುಂದಿನ ಸಲ ಬುಕಿಂಗ್ ತಗೊಳ್ಳುವ ಮೊದಲು ಏನು ಕೇಳುತ್ತಾನೆ ಅಂತ ನನಗೆ ಗೊತ್ತು. ನನ್ನನ್ನೂ ಹಾಗೆ ಕೇಳಿದ್ದಾರೆ: "ಸರ್, ಪ್ರೋಗ್ರಾಮ್‌ನಲ್ಲಿ ಪಾಲಿಟಿಕ್ಸ್ ಏನೂ ಇಲ್ಲ ತಾನೆ?"

ಆದರೆ ಭಯ ಬರುವುದು ಯಾವಾಗಲೂ ಕಲ್ಲು ಹಿಡಿದುಕೊಂಡಲ್ಲ. ಇದನ್ನು ಬರೆಯಲು ನನಗೆ ಕಷ್ಟ, ಆದರೂ ಬರೆಯುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದೇ.

ಕೆಲವು ವರ್ಷದ ಹಿಂದೆ ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ರಾಜ್ಯೋತ್ಸವ. ಆರ್ಕೆಸ್ಟ್ರಾದ ಮಧ್ಯೆ ಹತ್ತು ನಿಮಿಷ ಹಾಸ್ಯ. ಮಾಡಿದ್ದು ಅದೇ ಊರಿನ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು. ಮೊದಲು ಸಿನಿಮಾ ನಟರ ಮಿಮಿಕ್ರಿ ಮಾಡಿದ. ಜನ ಸುಮಾರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ತನ್ನೂರಿನ ರಸ್ತೆಗೆ ಬಂದ. ಒಂದೇ ರಸ್ತೆಗೆ ಎಷ್ಟು ಸಲ ಗುದ್ದಲಿ ಪೂಜೆ ಆಯಿತು, ಪ್ರತಿ ಸಲ ಒಡೆದ ತೆಂಗಿನಕಾಯಿ ಹಾಕಿಯೇ ಗುಂಡಿ ಮುಚ್ಚಿದ್ದರೆ ಈಗ ರಸ್ತೆ ಸಮ ಆಗುತ್ತಿತ್ತು ಅಂದ.

ಹಿಂದಿನಿಂದ ನಗು ಎದ್ದಿತು. ಮೈದಾನದ ಕೊನೆಯಲ್ಲಿ ಟ್ರಾಕ್ಟರ್ ಟ್ರೇಲರ್ ಮೇಲೆ ಕೂತಿದ್ದವರಿಂದ. ಎಷ್ಟೋ ವರ್ಷದ ಮೇಲೆ ನಾನು ಆ ನಗು ಕೇಳಿದ್ದು. ಮೈ ಜುಮ್ ಅಂದಿತು. ಹುಡುಗ ಕೂಡ ಮಾತು ನಿಲ್ಲಿಸಿ ಕಾದ. ಯಾರೂ ಹೇಳಿಕೊಟ್ಟಿರಲಿಲ್ಲ, ಅವನಾಗಿಯೇ ಕಾದ.

ನಗು ಕುರ್ಚಿಗಳ ತನಕ ಬಂದಿತ್ತು. ಅಷ್ಟರಲ್ಲಿ ಕಾರ್ಯಕ್ರಮ ನಡೆಸುವವರಲ್ಲಿ ಒಬ್ಬರು ಬಗ್ಗಿಕೊಂಡು ನನ್ನ ಹತ್ತಿರ ಬಂದರು. ಭುಜದ ಮೇಲೆ ಕೈ ಇಟ್ಟು ಕಿವಿಯಲ್ಲಿ ಹೇಳಿದರು. ಗದರಲಿಲ್ಲ, ಹೆದರಿಸಲಿಲ್ಲ. "ಅಣ್ಣ, ಸ್ವಲ್ಪ ಕಮ್ಮಿ ಮಾಡಿ. ಸಾಹೇಬರು ಕೂತಿದ್ದಾರೆ" ಅಂದರು, ಅಷ್ಟೇ.

ನಾನು ಅವನ ಮೈಕಿನ ಸೌಂಡ್ ಫೇಡರ್ ಇಳಿಸಿದೆ.

ಮೈಕ್ ಕೈಕೊಟ್ಟಿತು ಅಂದುಕೊಂಡ ಹುಡುಗ. ಮೈಕಿನ ತಲೆಯ ಮೇಲೆ ಎರಡು ಸಲ ತಟ್ಟಿದ, ಹಲೋ ಹಲೋ ಅಂದ, ನನ್ನ ಕಡೆ ನೋಡಿದ. ನಾನು ವೈರ್ ನೋಡುವ ಹಾಗೆ ಬಗ್ಗಿದೆ. ಕೀಬೋರ್ಡಿನವನು ಮುಂದಿನ ಹಾಡು ಶುರು ಮಾಡಿದ. ಸಾಹೇಬರಿಗೆ ಇದು ಗೊತ್ತೇ ಆಗಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವರ ಮುಖದಲ್ಲೂ ನಗು ಇತ್ತು. ಬಿಟ್ಟಿದ್ದರೆ ಅವರೂ ಕೊನೆಗೆ ನಗುತ್ತಿದ್ದರೇನೋ, ನನ್ನ ಚಿಕ್ಕಂದಿನಲ್ಲಿ ಆ ಆಫೀಸರು ನಕ್ಕ ಹಾಗೆ.

ಅಪ್ಪ ಆಗ ಇರಲಿಲ್ಲ. ಇದ್ದಿದ್ದರೆ ಆವತ್ತು ಮನೆಗೆ ಹೋಗಿ ಊಟಕ್ಕೆ ಅವರ ಪಕ್ಕ ಕೂರಲು ನನಗೆ ಆಗುತ್ತಿರಲಿಲ್ಲ.

ಹಾಗಾಗಿ ಕಾಮಿಡಿ ಯಾಕೆ ಹೀಗಾಯಿತು ಅಂತ ಯಾರಾದರೂ ಕೇಳಿದರೆ ಕಲಾವಿದರನ್ನು ಮಾತ್ರ ಬೈಯಲು ನನಗೆ ಬಾಯಿ ಬರಲ್ಲ. ಹಿರಣ್ಣಯ್ಯನವರ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಸುತ್ತ ಗುಂಡಿ ಮುಟ್ಟದವರೂ ಇದ್ದರು. ಟಿಕೆಟ್ ಮಾರಿದ ಶಾಲೆಯವರು, ಜಾಗ ಕೊಟ್ಟವರು, ಸೋಫಾದಲ್ಲಿ ಕೂತು ಬೈಸಿಕೊಂಡು ಮುಂದಿನ ವರ್ಷ ಮತ್ತೆ ಬಂದು ಅಲ್ಲೇ ಕೂತವರು. ನಾನು ಹಿರಣ್ಣಯ್ಯನವರಿಗೆ ಅಳುವಾಗ ಅವರಿಗೂ ಸೇರಿಸಿ ಅಳುತ್ತೇನೆ.

ಆ ಹುಡುಗನನ್ನು ಹುಡುಕಿಕೊಂಡು ಹೋಗಿ ನಡೆದದ್ದನ್ನು ಹೇಳಿದೆ. ಒಂದು ವರ್ಷ ಬೇಕಾಯಿತು ನನಗೆ. ಅವನು ಬೈಯಲಿಲ್ಲ. "ಮೈಕ್ ಹಾಳಾಗಿತ್ತು ಅಂತಲೇ ಅಂದುಕೊಂಡಿದ್ದೆ ಅಣ್ಣಾ" ಅಂದ, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಜನ ನಕ್ಕಿದ್ದರು ಅಲ್ವಾ ಅಂತ ಕೇಳಿದ. ಟ್ರೇಲರ್ ಮೇಲೆ ಕೂತಿದ್ದವರು ಹೇಗೆ ನಕ್ಕರು ಅಂತ ಪೂರ್ತಿ ಹೇಳಿದೆ. ಅವನಿಗೆ ಸ್ಟೇಜಿನ ಲೈಟಿನಲ್ಲಿ ಅಷ್ಟು ದೂರ ಕಂಡಿರಲಿಲ್ಲ.

ಈಗ ಅವನು ಇಲ್ಲೇ ತುಮಕೂರಿನಲ್ಲಿ ಇನ್ನಿಬ್ಬರು ಹುಡುಗರನ್ನು ಸೇರಿಸಿಕೊಂಡು ಒಂದು ಚಿಕ್ಕ ಹಾಲ್‌ನಲ್ಲಿ ಆಗಾಗ ಶೋ ಮಾಡುತ್ತಾನೆ. ಒಂದು ಸಲ ನಲವತ್ತು ಜನ, ಒಂದು ಸಲ ಅರವತ್ತು. ಸೌಂಡ್ ನನ್ನದು, ದುಡ್ಡು ತಗೊಳ್ಳಲ್ಲ. ಕಾರ್ಡ್‌ಲೆಸ್ ಮೈಕಿಗೆ ಪ್ರತಿ ಸಲ ಹೊಸ ಸೆಲ್ ಹಾಕುತ್ತೇನೆ. ಮಿಕ್ಸರ್ ಪಕ್ಕ ನನ್ನ ಕುರ್ಚಿ ಬಿಟ್ಟು ಇನ್ನೊಂದು ಕುರ್ಚಿಗೆ ಜಾಗ ಬಿಟ್ಟಿಲ್ಲ. ಬಗ್ಗಿಕೊಂಡು ಬಂದು ಕಿವಿಯಲ್ಲಿ ಹೇಳುವವರು ಟೇಬಲ್ ದಾಟಿಯೇ ಬರಬೇಕು.

ನೀವು ಈ ಕಡೆಯವರಾದರೆ ಒಂದು ದಿನ ಬನ್ನಿ. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ.