ಯಾವ ಸಾಲ ಒಳ್ಳೆಯದು ಅಂತ ಕೇಳುವ ಮೊದಲು ನಿಮ್ಮ ಸಿಇಟಿ ಅರ್ಜಿಯ ಪ್ರಿಂಟ್ ತೆಗೆದು ನೋಡಿ

ಇಂಜಿನಿಯರಿಂಗ್ ಸೇರಲು ಬರೆದ ಸಿಇಟಿಯಲ್ಲಿ 58 ಸಾವಿರದ ರ‍್ಯಾಂಕ್, ಅಪ್ಪ ಮಾಲೂರಿನ ಎರಡು ಎಕರೆ ಅಡ ಇಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ ಅಂತಿದ್ದಾರೆ, ಕೈಸಾಲ ವಾಸಿನಾ ಬ್ಯಾಂಕ್ ಸಾಲ ವಾಸಿನಾ ಅಂತ ಕೇಳಿದ್ದೀರಿ. ಓದುತ್ತಾ ನನಗೆ ನಮ್ಮ ಮನೆಯ ಜಗಲಿಯೇ ಕಣ್ಣ ಮುಂದೆ ಬಂತು.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಒಂದೂವರೆ ಎಕರೆ ಮಾವು, ಎರಡು ಸೀಮೆಹಸು. ಮಾವು ಒಂದು ವರ್ಷ ಕೈ ಹಿಡಿದರೆ ಇನ್ನೊಂದು ವರ್ಷ ಇಲ್ಲ. ಮನೆ ನಡೆಯುತ್ತಿದ್ದುದು ಡೇರಿ ಬಟವಾಡೆಯಲ್ಲಿ. ನಾನು ಸಿಇಟಿ ಬರೆದದ್ದು 2016ರಲ್ಲಿ. ಅರ್ಜಿ ತುಂಬಿಸಿದ್ದು ಬಸ್ ಸ್ಟ್ಯಾಂಡ್ ಪಕ್ಕದ ಒಂದು ಸೈಬರ್‌ನಲ್ಲಿ. ಹಿಂದೆ ಹತ್ತು ಜನ ನಿಂತಿದ್ದರು. ಹುಡುಗ ಬೇಗ ಬೇಗ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಜಾತಿ, ಹಿಂದುಳಿದ ವರ್ಗದ 3ಎ. ಗ್ರಾಮೀಣ, ಹೌದು. ಕನ್ನಡ ಮಾಧ್ಯಮ, ಹೌದು. ಆಮೇಲೆ ಕೇಳಿದ: "ಸೂಪರ್‌ನ್ಯೂಮರರಿ ಕೋಟಾ ಅಂತ ಇದೆ, ಬೇಕಾ?"

ನಾನು ಬೇಡ ಅಂದೆ.

ಯಾಕೆ ಬೇಡ ಅಂದೆ ಅನ್ನೋದನ್ನ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಅಲ್ಲೇ ಎಡವಬಹುದು. ನಮ್ಮೂರಲ್ಲಿ ಕೋಟಾ ಅಂದ್ರೆ ಒಂದೇ ಅರ್ಥ, ಡೊನೇಷನ್ ಸೀಟು. "ಅವರ ಮಗನಿಗೆ ಕೋಟಾದಲ್ಲಿ ಆಯ್ತಂತೆ" ಅಂದ್ರೆ ಲಕ್ಷಗಟ್ಟಲೆ ಸುರಿದಿದ್ದಾರೆ ಅಂತ. ಅದರ ಮೇಲೆ 'ಸೂಪರ್' ಅಂತ ಬೇರೆ ಇದೆ. ಇನ್ನೂ ಜಾಸ್ತಿ ದುಡ್ಡು ಕೇಳ್ತಾರೆ ಅಂದುಕೊಂಡೆ. ಒಂದು ಮಾತು ಕೇಳಬಹುದಿತ್ತು. ನಮ್ಮ ಲೆಕ್ಚರರ್ ಫೋನ್ ನಂಬರ್ ಜೇಬಲ್ಲೇ ಇತ್ತು. ಹಿಂದೆ ನಿಂತವರು ಬೇಗ ಮಾಡಪ್ಪಾ ಅಂತಿದ್ದರು, ನನಗೆ ನಾಚಿಕೆ. ಅಸಲಿಗೆ ಈ ಸೂಪರ್‌ನ್ಯೂಮರರಿ ಕೋಟಾ, ಚುಟುಕಾಗಿ ಎಸ್‌ಎನ್‌ಕ್ಯೂ, ಪೂರ್ತಿ ಉಲ್ಟಾ. ಎಸ್‌ಎನ್‌ಕ್ಯೂ ಅಂದ್ರೆ ಕಾಲೇಜಿನ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಕಡಿಮೆ ಆದಾಯದ ಮನೆಯ ಮಕ್ಕಳಿಗೆ. ಟ್ಯೂಷನ್ ಫೀಸು ಮಾಫಿ. ಈಗ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. ಬೇಕಾಗಿದ್ದ ಆದಾಯ ಪ್ರಮಾಣಪತ್ರ ಅವತ್ತು ನನ್ನ ಫೈಲಿನಲ್ಲೇ ಇತ್ತು, ನೋಡಿ. ಅದೇ ಇವತ್ತಿಗೂ ಹೊಟ್ಟೆ ಉರಿಸೋದು.

ನನಗೆ 3ಎ ಗ್ರಾಮೀಣದಲ್ಲಿ ಬೆಂಗಳೂರಿನ ಒಂದು ಕಾಲೇಜು ಸಿಕ್ಕಿತು. ಫೀಸು ಪೂರ್ತಿ ಕಟ್ಟಿದೆವು. ಕ್ಲಾಸು ಶುರುವಾದ ಮೂರನೇ ದಿನ ಪಕ್ಕದ ಬೆಂಚಿನ ಹುಡುಗ ತಾನು ಎಸ್‌ಎನ್‌ಕ್ಯೂ ಅಂದ. ಅವನ ರ‍್ಯಾಂಕು ನನಗಿಂತ ಮುನ್ನೂರು ಹಿಂದೆ. ಅದೇ ಬ್ರಾಂಚು. ಏನು ಅದು ಅಂತ ನಾನು ಕೇಳಿದ್ದು ಅವತ್ತು.

ಆ ಮೊದಲ ವರ್ಷಕ್ಕೆ ಅಪ್ಪ ಊರಲ್ಲೇ 60 ಸಾವಿರ ಕೈಸಾಲ ತಂದಿದ್ದರು. ನೂರಕ್ಕೆ ಮೂರು. ಮೂರು ಅಂದ್ರೆ ಸಣ್ಣದಾಗಿ ಕೇಳುತ್ತೆ ಅಲ್ವಾ? ತಿಂಗಳಿಗೆ 1,800, ವರ್ಷಕ್ಕೆ 21,600. ಫೀಡಿನ ದುಡ್ಡು ಹಿಡಿದುಕೊಂಡ ಮೇಲೆ ನಮಗೆ ಒಂದು ಬಟವಾಡೆಗೆ ಬರುತ್ತಿದ್ದುದು ಎರಡು ಸಾವಿರದ ಆಸುಪಾಸು. ತಿಂಗಳಿಗೆ ಎರಡು ಬಟವಾಡೆ. ಒಂದು ಮನೆಗೆ, ಒಂದು ಬಡ್ಡಿಗೆ. ಅಮ್ಮ ಬಡ್ಡಿಯ ನೋಟುಗಳನ್ನು ದೇವರ ಪಟದ ಹಿಂದೆ ಬೇರೆ ಇಡುತ್ತಿದ್ದರು, ಕೈ ತಪ್ಪಿ ಖರ್ಚಾಗಬಾರದು ಅಂತ. ನಾಲ್ಕು ವರ್ಷದಲ್ಲಿ ಕಟ್ಟಿದ ಬಡ್ಡಿಯೇ 86,400. ಅಸಲು 60 ಸಾವಿರ ಹಾಗೇ ಕೂತಿತ್ತು. ಅದನ್ನು ತೀರಿಸಿದ್ದು ನನಗೆ ಕೆಲಸ ಸಿಕ್ಕ ಮೇಲೆ.

ಎರಡನೇ ವರ್ಷಕ್ಕೆ ಅಪ್ಪನನ್ನ ಕರೆದುಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಪತ್ರಗಳನ್ನೆಲ್ಲ ನೋಡಿ, "ಹೋದ ವರ್ಷವೇ ಯಾಕೆ ಬರಲಿಲ್ಲ?" ಅಂದರು. ಅಪ್ಪ ತೆಲುಗಿನಲ್ಲಿ ಏನೋ ಗೊಣಗಿ ತಲೆ ತಗ್ಗಿಸಿದರು. ಉಳಿದ ಮೂರು ವರ್ಷಕ್ಕೆ ಸಾಲ ಸಿಕ್ಕಿತು. ಜಮೀನಿನ ಪತ್ರ ಕೇಳಲಿಲ್ಲ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ, ನಿಮ್ಮ ಪಾಲಿನ ಹಣವನ್ನೂ ಹಾಕಬೇಕಿಲ್ಲ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ಕೋರ್ಸು ಮತ್ತು ಕಾಲೇಜು ನಿಯಮಕ್ಕೆ ಹೊಂದಿದರೆ, ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಆದರೆ ಅಪ್ಪ ತಂದಿದ್ದ ಕೈಸಾಲವನ್ನು ಬ್ಯಾಂಕು ತೀರಿಸಿಕೊಡಲ್ಲ. ಹಾಗಾಗಿ ಅದು ಹಾಗೇ ಉಳಿಯಿತು.

ಈಗ ನಿಮ್ಮ ವಿಷಯ. ಯಾವ ಸಾಲ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮ್ಯಾನೇಜ್‌ಮೆಂಟ್ ಸೀಟು ಬೇಡ. 58 ಸಾವಿರಕ್ಕೆ ಸಿಇಟಿ ಸೀಟು ಸಿಗುತ್ತೆ. ಕಂಪ್ಯೂಟರ್ ಸೈನ್ಸ್ ಆಗದಿರಬಹುದು, ನೀವು ಹೆಸರು ಕೇಳಿದ ಕಾಲೇಜೂ ಆಗದಿರಬಹುದು. ಆಗಲಿ ಬಿಡಿ. ಎಸ್‌ಎನ್‌ಕ್ಯೂ ಸಿಗೋದು ಸಿಇಟಿ ಮೂಲಕ ಮಾತ್ರ, ಮ್ಯಾನೇಜ್‌ಮೆಂಟ್ ಸೀಟಿಗೆ ಹೋದರೆ ಆ ಬಾಗಿಲು ಮುಚ್ಚಿತು. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಅದಕ್ಕೇ ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ನಾಲ್ಕೈದು ಕಾಲೇಜು ಹಾಕಿ ಸುಮ್ನೆ ಕೂರಬೇಡಿ. ನಲವತ್ತು ಐವತ್ತು ಹಾಕಿ, ಸಣ್ಣ ಕಾಲೇಜುಗಳನ್ನೂ ಸೇರಿಸಿ. ಹಿಂದುಳಿದ ವರ್ಗಕ್ಕೆ ಸೇರಿದವರಾದರೆ ಸರ್ಕಾರದ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಅಲ್ಲಿ ಜಾಗ ಸಿಗದಿದ್ದರೆ ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ನೆರವು ಇದೆ, ನನ್ನ ಕಾಲದಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಇತ್ತು. ನನಗೆ ಎರಡನೇ ವರ್ಷದಿಂದ ಬಂತು, ರೂಮಿನ ಬಾಡಿಗೆಗೆ ದೊಡ್ಡ ಆಸರೆಯಾಯಿತು. ಇದೆಲ್ಲ ಆದ ಮೇಲೂ ಕಡಿಮೆ ಬಿದ್ದರೆ ಆಗ ಬ್ಯಾಂಕು. ಎರಡು ಎಕರೆ ಮುಟ್ಟಬೇಡಿ. ಅಪ್ಪ ಪ್ರೀತಿಯಿಂದಲೇ ಹೇಳ್ತಿದ್ದಾರೆ, ನಮ್ಮಪ್ಪನೂ ಪ್ರೀತಿಯಿಂದಲೇ ನೂರಕ್ಕೆ ಮೂರು ತಂದದ್ದು.

ಈಗಲೇ ನಿಮ್ಮ ಅರ್ಜಿಯ ಪ್ರಿಂಟ್ ಹುಡುಕಿ. ಎಸ್‌ಎನ್‌ಕ್ಯೂ ಎದುರು ಹೌದು ಅಂತ ಇದೆಯಾ, ಇಲ್ಲ ಅಂತ ಇದೆಯಾ? ಇಲ್ಲ ಅಂತಿದ್ದರೆ ತಿದ್ದಲು ಅವಕಾಶ ಇದೆಯಾ ಅಂತ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಗಳನ್ನು ಇವತ್ತೇ ನೋಡಿ. ಅದರಲ್ಲಿ ಏನಿದೆ ಅಂತ ಇಲ್ಲೇ ಬರೆಯಿರಿ, ಆಪ್ಷನ್ ಪಟ್ಟಿ ಮಾಡಲು ನಾನು ಜೊತೆಗೆ ಕೂರುತ್ತೇನೆ.