ಸಂಪಾದಕರ ಉತ್ತರ: ಸೆಕೆಂಡ್ ಅವೆನ್ಯೂ ಸುರಂಗ ಅರ್ಧಕ್ಕೆ ನಿಂತಿದ್ದೇಕೆ?

ನಮಸ್ಕಾರ.

ನ್ಯೂಯಾರ್ಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಸೆಕೆಂಡ್ ಅವೆನ್ಯೂ ರಸ್ತೆಯ ಕೆಳಗೆ ರೈಲೇ ಓಡದ ಸುರಂಗಗಳಿವೆ ಎಂದು ಕೇಳಿದಿರಂತೆ. ‘ಅಷ್ಟು ದುಡ್ಡಿರುವ ಊರು ಕೆಲಸವನ್ನು ಅರ್ಧಕ್ಕೆ ಕೈಬಿಡುತ್ತಾ? ಯಾರೋ ದುಡ್ಡು ನುಂಗಿರಬೇಕು ಅಲ್ವಾ? ಆ ಸುರಂಗ ಇನ್ನು ಉಪಯೋಗಕ್ಕೆ ಬರುತ್ತಾ?’ ಎಂದು ಬರೆದಿದ್ದೀರಿ. ನಿಮ್ಮ ಅನುಮಾನ ಸಹಜ. ಆದರೆ ಈ ದುಡ್ಡು ಹೋದ ದಾರಿ ಬೇರೆ.

ಸೆಕೆಂಡ್ ಅವೆನ್ಯೂ ಕೆಳಗಿನ ರೈಲು ಮಾರ್ಗ ಮೊದಲು ದೊಡ್ಡದಾಗಿ ಪ್ರಕಟವಾಗಿದ್ದು 1929ರ ಸೆಪ್ಟೆಂಬರ್‌ನಲ್ಲಿ, ಸುಮಾರು 100 ಮೈಲಿ ಹೊಸ ಸಬ್‌ವೇ (ನೆಲದಡಿಯ ರೈಲು) ಯೋಜನೆಯ ಭಾಗವಾಗಿ. ಮುಂದಿನ ತಿಂಗಳೇ ಷೇರುಪೇಟೆ ಕುಸಿಯಿತು. ಆ ಯೋಜನೆಯ ಗುರುತುಗಳು ಇನ್ನೂ ನೆಲದೊಳಗಿವೆ. ಬ್ರೂಕ್ಲಿನ್‌ನ ಬ್ರಾಡ್‌ವೇ ಸ್ಟೇಷನ್ನಿನ ಮೇಲ್ಭಾಗದಲ್ಲಿ, ರಸ್ತೆಗೂ ಸ್ಟೇಷನ್ನಿಗೂ ನಡುವೆ, ಆರು ಹಳಿಗಳಿಗೆ ಜಾಗ ಬಿಟ್ಟು ಕಟ್ಟಿದ ಇನ್ನೊಂದು ನಿಲ್ದಾಣವಿದೆ. ಬರೀ ಕಾಂಕ್ರೀಟ್, ಕಂಬ, ಕತ್ತಲೆ. ಹಳಿ ಹಾಕಲೇ ಇಲ್ಲ. ಕೆಳಗೆ ದಿನವೂ ರೈಲು ಹತ್ತುವವರಲ್ಲಿ ಎಷ್ಟೋ ಜನಕ್ಕೆ ತಲೆಯ ಮೇಲೆ ಅದಿದೆ ಅಂತಲೇ ಗೊತ್ತಿರಲಿಕ್ಕಿಲ್ಲ.

ಆರ್ಥಿಕ ಕುಸಿತ, ಆಮೇಲೆ ಯುದ್ಧ. ಎಲ್ಲರೂ ಹೇಳುವ ಕಾರಣಗಳು ಇವೇ, ಸುಳ್ಳೇನಲ್ಲ. ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಟಿಕೆಟ್ ದರ. 1904ರಲ್ಲಿ 5 ಸೆಂಟ್ ಇದ್ದದ್ದು 1948ರವರೆಗೂ 5 ಸೆಂಟೇ ಇತ್ತು. ಏರಿಸಿದರೆ ವೋಟು ಹೋಗುತ್ತದೆ ಎಂಬ ಹೆದರಿಕೆ. ಅಷ್ಟರಲ್ಲಿ ಸಾಮಾನಿನ ಬೆಲೆ, ಸಂಬಳ ಎಲ್ಲಾ ಏರಿದ್ದವು. ಇದ್ದ ರೈಲುಗಳನ್ನು ನೋಡಿಕೊಳ್ಳುವುದಕ್ಕೇ ದುಡ್ಡು ಸಾಲುತ್ತಿರಲಿಲ್ಲ.

1951ರಲ್ಲಿ ಜನ ವೋಟು ಹಾಕಿ 50 ಕೋಟಿ ಡಾಲರ್ ಸಾಲಕ್ಕೆ ಒಪ್ಪಿದರು. ಸೆಕೆಂಡ್ ಅವೆನ್ಯೂ ಮಾರ್ಗ ಬರುತ್ತದೆ ಅನ್ನುವ ನಂಬಿಕೆಯಿಂದ ಒಪ್ಪಿದ್ದು. ಆ ಹಣ ಹೋಗಿದ್ದು ಹಳೇ ಮಾರ್ಗಗಳ ರಿಪೇರಿಗೆ, ಸುಧಾರಣೆಗೆ. ಅದೂ ಬೇಕಾಗಿದ್ದ ಕೆಲಸವೇ. ನುಂಗಿದ್ದರೆ ಯಾರನ್ನಾದರೂ ಹಿಡಿದು ಕೇಳಬಹುದಿತ್ತು. ಇಲ್ಲಿ ಒಂದೊಂದು ಖರ್ಚಿಗೂ ಸರಿಯಾದ ಕಾರಣವಿತ್ತು, ಹೊಸ ಮಾರ್ಗ ಮಾತ್ರ ಬರಲಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಹೊಸದು ಬರುವ ಮೊದಲೇ ಹಳೆಯದನ್ನು ಕಿತ್ತುಹಾಕಿದರು. ಸೆಕೆಂಡ್ ಅವೆನ್ಯೂ ಮೇಲೆ ಕಂಬಗಳ ಮೇಲಿನ ಹಳಿಯಲ್ಲಿ ಓಡುತ್ತಿದ್ದ ರೈಲು 1942ರ ಹೊತ್ತಿಗೆ ಪೂರ್ತಿ ನಿಂತಿತು. ಪಕ್ಕದ ಥರ್ಡ್ ಅವೆನ್ಯೂನದ್ದು 1955ರಲ್ಲಿ ಮ್ಯಾನ್‌ಹ್ಯಾಟನ್‌ನಲ್ಲಿ ನಿಂತಿತು. ಈ ರಸ್ತೆಗಳು ಹಾದುಹೋಗುವ ಅಪ್ಪರ್ ಈಸ್ಟ್ ಸೈಡ್ ಬಡಾವಣೆಯ ಜನಕ್ಕೆ ಉಳಿದದ್ದು ಲೆಕ್ಸಿಂಗ್ಟನ್ ಅವೆನ್ಯೂ ಮಾರ್ಗವೊಂದೇ. ಅರವತ್ತಕ್ಕೂ ಹೆಚ್ಚು ವರ್ಷ ಅಲ್ಲಿನವರು ಅದರಲ್ಲೇ ನೂಕಾಡಿಕೊಂಡು ಓಡಾಡಿದರು. ಇದನ್ನು ಬರೀ ಹಣದ ಕೊರತೆ ಅಂತ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ನೀವು ಕೇಳಿದ ಸುರಂಗಗಳು 1970ರ ದಶಕದವು. 1972ರ ಅಕ್ಟೋಬರ್‌ನಲ್ಲಿ ಗವರ್ನರ್ ರಾಕ್‌ಫೆಲ್ಲರ್, ಮೇಯರ್ ಲಿಂಡ್ಸೆ ಬಂದು 103ನೇ ಬೀದಿಯಲ್ಲಿ ಗುದ್ದಲಿ ಪೂಜೆಯಂಥ ಸಮಾರಂಭ ನಡೆಸಿದರು. ಮೂರು ವರ್ಷದೊಳಗೆ ನಗರವೇ ದಿವಾಳಿಯ ಅಂಚಿಗೆ ಬಂತು. 1975ರಲ್ಲಿ ಕೆಲಸ ನಿಂತಿತು. ಒಂದು ತುದಿಯಿಂದ ಸಾಲಾಗಿ ತೋಡದೆ ಅಲ್ಲಲ್ಲಿ ಶುರು ಮಾಡಿದ್ದರಿಂದ 99ರಿಂದ 105ನೇ ಬೀದಿವರೆಗೆ ಒಂದು, 110ರಿಂದ 120ರವರೆಗೆ ಇನ್ನೊಂದು, ದೂರದ ಚೈನಾಟೌನ್‌ನಲ್ಲಿ ಮತ್ತೊಂದು ತುಂಡು ಉಳಿದವು. ಒಂದಕ್ಕೊಂದು ಸೇರದ ತುಂಡುಗಳಲ್ಲಿ ರೈಲು ಓಡಿಸುವುದಾದರೂ ಹೇಗೆ?

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಆ ಸುರಂಗಗಳು ಪೂರ್ತಿ ವ್ಯರ್ಥವಾಗಿಲ್ಲ. ಮೊದಲ ಹಂತ 2017ರ ಜನವರಿ 1ರಂದು ಶುರುವಾಯಿತು. 72, 86, 96ನೇ ಬೀದಿಗಳಲ್ಲಿ ಮೂರು ಹೊಸ ಸ್ಟೇಷನ್, ಖರ್ಚು ಸುಮಾರು 450 ಕೋಟಿ ಡಾಲರ್. 99ನೇ ಬೀದಿಯ ಹಳೇ ತುಂಡು ಅದಕ್ಕೆ ಸೇರಿಕೊಂಡಿದೆ. ಈಸ್ಟ್ ಹಾರ್ಲೆಮ್‌ನ 125ನೇ ಬೀದಿವರೆಗೆ ಹೋಗಬೇಕಾದ ಎರಡನೇ ಹಂತದಲ್ಲಿ 110ನೇ ಬೀದಿಯ ತುಂಡನ್ನೂ ಬಳಸುವ ಯೋಜನೆಯಿದೆ.